ತನ್ನದೇ ಪ್ರಶ್ನೆಗೆ ಉತ್ತರ

ಇಲಾಖೆಯಲ್ಲಿ ಅವರನ್ನು ಎದುರಿಗೆ ಎಲ್ಲರೂ 'ಸರ್' ಅನ್ನುತ್ತಿದ್ದರು, ಬೆನ್ನ ಹಿಂದೆ 'ಯಾಕೆ ಸಾಹೇಬರು' ಅನ್ನುತ್ತಿದ್ದರು. ಸೇತುವೆಗಳ ನಕ್ಷೆ ಪರಿಶೀಲಿಸುವ ವಿಭಾಗದಲ್ಲಿ ಕೂತು ಸರ್ವಿಸ್ಸಿನುದ್ದಕ್ಕೂ ಅವರು ಮಾಡಿದ್ದು ಒಂದೇ ಕೆಲಸ. ಖಾಸಗಿ ಕಂಪನಿಯವರು ತಯಾರಿಸಿ ತಂದ ನಕ್ಷೆಯನ್ನು ಮೇಜಿನ ತುಂಬ ಹರಡಿಕೊಳ್ಳುವುದು, ಮೊಣಕೈ ಊರಿ ಅದರ ಮೇಲೆ ಬಾಗುವುದು, ಹಸಿರು ಪೆನ್ಸಿಲಿನಿಂದ ಅಂಚಿನಲ್ಲಿ 'ಯಾಕೆ?' ಎಂದು ಬರೆಯುವುದು. ಈ ಕಂಬ ಇಲ್ಲೇ ಯಾಕೆ? ಕಬ್ಬಿಣ ಇಷ್ಟೇ ಯಾಕೆ? ಇಷ್ಟು ಸಂದಿಯಲ್ಲಿ ಪ್ರವಾಹದ ನೀರೆಲ್ಲ ಹೋಗುತ್ತದೆ ಎಂದು ಹೇಳಿದವರು ಯಾರು, ಯಾಕೆ ಹೇಳಿದರು? ಕಂಪನಿಯವರು ಆ ಹಸಿರು ಬಣ್ಣ ಕಂಡರೇ ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಅವರು ಪಾಸು ಮಾಡಿದ ಒಂದು ಸೇತುವೆಯೂ ಬಿರುಕು ಬಿಟ್ಟದ್ದಿಲ್ಲ, ಅದನ್ನು ಅವರ ಶತ್ರುವೂ ಒಪ್ಪುತ್ತಿದ್ದ.

ಅಂಥ ಮನುಷ್ಯ ನಿವೃತ್ತಿಯಾದ ಮೇಲೆ ಹೋಗಿ ಕೂತದ್ದು ಎಲ್ಲಿ ಅಂತೀರಿ? ಅಂಥದೇ ಒಂದು ಕಂಪನಿಯಲ್ಲಿ!

ಬೈಯುವುದಕ್ಕೆ ಮೊದಲು ಅವರ ಮನೆಯ ಕಥೆಯನ್ನೂ ಸ್ವಲ್ಪ ಕೇಳಬೇಕು. ನಿವೃತ್ತಿಯಾದವರು ಮನೆಯಲ್ಲಿ ತೆಪ್ಪಗಿರಬೇಕೋ ಬೇಡವೋ? ಇವರು ಬೆಳಗಾದರೆ ಅಡುಗೆಮನೆ ಬಾಗಿಲಲ್ಲಿ ನಿಂತು, ಡಬ್ಬಗಳನ್ನು ಈ ಸಾಲಿನಲ್ಲೇ ಯಾಕೆ ಜೋಡಿಸಿದ್ದೀಯ, ದೊಡ್ಡ ಪಾತ್ರೆಯನ್ನು ಮೇಲಿನ ಹಲಗೆಗೆ ಯಾಕೆ ಏರಿಸಿದ್ದೀಯ, ಆ ಹಲಗೆ ಎಷ್ಟು ಭಾರ ತಡೆಯುತ್ತದೆ ಗೊತ್ತಾ ಎಂದು ಶುರು ಮಾಡುತ್ತಿದ್ದರು. ಹೆಂಡತಿ ಶಾಲೆಯಲ್ಲಿ ಲೆಕ್ಕದ ಪಾಠ ಹೇಳಿ ನಿವೃತ್ತಳಾದವಳು. ತುಂಟ ಹುಡುಗರನ್ನೆಲ್ಲ ಕಣ್ಣಲ್ಲೇ ಕೂರಿಸಿದವಳಿಗೆ ಈ ಒಬ್ಬ ಗಂಡನನ್ನು ಕೂರಿಸುವುದು ಆಗಲಿಲ್ಲ. "ರೀ, ನಿಮ್ಮ ದಮ್ಮಯ್ಯ ಅಂತೀನಿ. ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊಳ್ಳಿ. ಸಂಬಳ ಕೊಡದೇ ಇದ್ರೂ ಪರವಾಗಿಲ್ಲ, ಬೆಳಗ್ಗೆ ಕರ್ಕೊಂಡು ಹೋಗಿ ಸಾಯಂಕಾಲ ತಂದು ಬಿಟ್ರೆ ಸಾಕು" ಎಂದು ಕೈ ಮುಗಿದಳು.

ಕರೆದವನು ಕಂಪನಿಯ ಮಾಲೀಕ. ಅವನೂ ಒಂದು ಕಾಲಕ್ಕೆ ಅದೇ ಇಲಾಖೆಯವನೇ, ಸಾಹೇಬರ ಪಕ್ಕದ ಮೇಜಿನವನು. ನಡುವಯಸ್ಸಿನಲ್ಲೇ ರಾಜೀನಾಮೆ ಎಸೆದು ಕಂಪನಿ ಕಟ್ಟಿದವನು. ಆಗ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ "ತನ್ನನ್ನ ತಾನೇ ಮಾರ್ಕೊಂಡ" ಎಂದು ಮೂಗು ಮುರಿದವರು ನಮ್ಮ ಸಾಹೇಬರೇ. ಮಾಲೀಕ ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಹಾಗೆ ಕಾಣಲಿಲ್ಲ. ಕಿಟಕಿ ಪಕ್ಕದ ಕೋಣೆ ಕೊಟ್ಟ, ಸೊಂಟಕ್ಕೆ ಆನುವ ಕುರ್ಚಿ ಕೊಟ್ಟ, ಮೇಜಿನ ಮೇಲೆ ಬಣ್ಣಬಣ್ಣದ ಪೆನ್ಸಿಲುಗಳ ಡಬ್ಬಿಯನ್ನೂ ಇಡಿಸಿದ್ದ.

ಸಾಹೇಬರು ಮೊದಲ ದಿನವೇ ಷರತ್ತು ಹಾಕಿದರು. ನಿವೃತ್ತರಾದವರು ಇಂತಿಷ್ಟು ಕಾಲ ಹಳೆ ಕಚೇರಿಗೆ ಹೋಗಿ ಹೊಸ ಧಣಿಯ ಕೆಲಸದ ಮಾತಾಡಬಾರದೆಂಬ ನಿಯಮವಿದೆಯಲ್ಲ, ಅದನ್ನು ತಾವು ಚಾಚೂ ತಪ್ಪದೆ ಪಾಲಿಸುವವರೆಂದರು. "ಇಲಾಖೆ ಮೆಟ್ಟಿಲು ಹತ್ತಲ್ಲ. ಅಲ್ಲಿ ಯಾರಿಗೂ ಫೋನ್ ಮಾಡಲ್ಲ. ಅವರೇ ಮಾಡಿದ್ರೂ ತಗೊಳ್ಳಲ್ಲ. ಶಿಫಾರಸು, ವಶೀಲಿ ಅಂತ ನನ್ನ ಹತ್ರ ಬರಬೇಡ."

"ಯಾರಪ್ಪ ನಿನಗೆ ವಶೀಲಿ ಮಾಡು ಅಂದಿದ್ದು? ನೀನು ಎಲ್ಲೂ ಹೋಗೋದು ಬೇಡ, ಯಾರ ಹತ್ರಾನೂ ಮಾತಾಡೋದು ಬೇಡ. ಇಲ್ಲೇ ಕೂತು ಬರೆದು, ಸಹಿ ಹಾಕ್ಕೊಡು ಸಾಕು" ಎಂದು ಮಾಲೀಕ ನಕ್ಕ. ಎಷ್ಟು ಒಳ್ಳೆಯವನು, ತಾನೇ ಅವನನ್ನು ತಪ್ಪು ತಿಳಿದಿದ್ದೆನಲ್ಲ ಎಂದು ಸಾಹೇಬರಿಗೆ ನಾಚಿಕೆಯಾಯಿತು.

ಕೆಲವು ದಿನ ಸುಖವಾಗಿ ಕಳೆಯಿತು. ಆಮೇಲೆ ಒಂದು ಬೆಳಗ್ಗೆ ಅವರ ಮೇಜಿನ ಮೇಲೆ ಒಂದು ಫೈಲು ಬಂದು ಕೂತಿತು. ದೊಡ್ಡ ಹೊಳೆಗೆ ಕಟ್ಟಬೇಕಾದ ಸೇತುವೆ, ಕಂಪನಿಯ ನಕ್ಷೆ, ಅದಕ್ಕೆ ಇಲಾಖೆ ಎತ್ತಿದ ಆಕ್ಷೇಪ. ಬಿಚ್ಚಿ ನೋಡುತ್ತಾರೆ, ಮೂರನೆಯ ಕಂಬದ ಪಕ್ಕ ಹಸಿರು ಅಕ್ಷರ: 'ಇಲ್ಲಿ ಕೊರೆದು ನೋಡಿಲ್ಲ, ಯಾಕೆ?' ಅಕ್ಷರ ಬೇರೆ ಯಾರದೂ ಅಲ್ಲ. ಸರ್ವಿಸ್ಸಿನ ಕೊನೆಯ ವಾರದಲ್ಲಿ ಅವರೇ ಬರೆದದ್ದು. ಮೊದಲು ಅವರಿಗೆ ನಗು ಬಂತು. ಹಳೆಯ ಸ್ನೇಹಿತ ಎದುರಾದ ಹಾಗೆ ಅದರ ಮೇಲೆ ಬೆರಳಾಡಿಸಿದರು. ಆಮೇಲೆ, ಇದಕ್ಕೆ ಉತ್ತರ ಬರೆಯಬೇಕಾದವನೂ ತಾನೇ ಎಂಬುದು ಹೊಳೆದು ನಗು ಅಲ್ಲೇ ನಿಂತಿತು.

ಪ್ರಶ್ನೆ ಇಷ್ಟೇ. ಕಂಬ ನಿಲ್ಲುವುದು ನೆಲದಡಿಯ ಬಂಡೆಯ ಮೇಲೆ. ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯಲು ಪ್ರತಿ ಕಂಬದ ಜಾಗದಲ್ಲೂ ಯಂತ್ರವಿಟ್ಟು ಕೊರೆದು ನೋಡಬೇಕು. ಎರಡನೆಯ ಕಂಬದ ಹತ್ತಿರ ಕೊರೆದಿದ್ದರು, ಬಂಡೆ ಸಿಕ್ಕಿತ್ತು. ನಾಲ್ಕನೆಯದರ ಹತ್ತಿರವೂ ಸಿಕ್ಕಿತ್ತು. ಮೂರನೆಯದು ನಡುನೀರಿನಲ್ಲಿ, ಅಲ್ಲಿಗೆ ಯಂತ್ರ ಇಳಿಸಲಾಗದೆ ಸುಮ್ಮನೆ ಬಿಟ್ಟು, ಅಲ್ಲೂ ಬಂಡೆ ಇದೆ ಎಂದು ನಕ್ಷೆಯಲ್ಲಿ ಗೆರೆ ಎಳೆದುಬಿಟ್ಟಿದ್ದರು. ಆದರೆ ಹೊಳೆ ಹಿಂದೊಮ್ಮೆ ಅಲ್ಲೇ ಆಳವಾಗಿ ಹರಿದು ಬಂಡೆಯನ್ನು ಕೊರೆದುಕೊಂಡು ಹೋಗಿ, ಆ ಗುಂಡಿಯಲ್ಲಿ ಈಗ ಮರಳು ತುಂಬಿಕೊಂಡಿದ್ದರೆ? ಬಂಡೆ ಎಂದು ನಂಬಿ ಮರಳಿನ ಮೇಲೆ ಕಂಬ ನಿಲ್ಲಿಸಿದರೆ ಒಂದಲ್ಲ ಒಂದು ಪ್ರವಾಹಕ್ಕೆ ಅದು ವಾಲುತ್ತದೆ. ವಾಲುವಾಗ ಮೇಲೆ ಯಾರು ಹೋಗುತ್ತಿರುತ್ತಾರೋ ದೇವರೇ ಬಲ್ಲ.

ಫೈಲು ಹಿಡಿದುಕೊಂಡು ಮಾಲೀಕನ ಕೋಣೆಗೆ ಹೋದರು. "ಇದನ್ನ ನಂಗೆ ಯಾಕಯ್ಯ ಕೊಟ್ಟೆ?"

"ಪ್ರಶ್ನೆ ಕೇಳಿದವನಿಗಿಂತ ಚೆನ್ನಾಗಿ ಉತ್ತರ ಬರೆಯೋರು ಯಾರಿದ್ದಾರೆ ಹೇಳು?"

"ಉತ್ತರ ಒಂದೇ. ಕೊರೆಸಿ ನೋಡು."

"ಅಯ್ಯೋ ಮಾರಾಯಾ, ನೀರು ಇಳಿಯೋ ತನಕ ಅಲ್ಲಿ ಯಂತ್ರ ನಿಲ್ಲಿಸೋಕಾಗುತ್ತಾ? ಆ ಕಡೆ ದಡದ ಜನ ದೋಣೀಲಿ ಓಡಾಡ್ತಿದ್ದಾರೆ. ಹೆರಿಗೆ ನೋವು ಬಂದ್ರೂ ದೋಣಿ, ಎದೆ ಹಿಡ್ಕೊಂಡ್ರೂ ದೋಣಿ. ನಿನ್ನ ಒಂದು 'ಯಾಕೆ'ಗೋಸ್ಕರ ಅವರೆಲ್ಲ ಇನ್ನೊಂದು ವರ್ಷ ಕಾಯಬೇಕಾ? ಎರಡರಲ್ಲಿ ಬಂಡೆ ಇದೆ, ನಾಲ್ಕರಲ್ಲಿ ಬಂಡೆ ಇದೆ. ಮಧ್ಯದಲ್ಲಿ ಬಂಡೆ ಎಲ್ಲಿಗೆ ಓಡಿ ಹೋಗುತ್ತೆ?"

ಇದೇ ಮಾತನ್ನು ಇಲಾಖೆಯ ಕುರ್ಚಿಯಲ್ಲಿ ಕೂತು ಕೇಳಿದ್ದರೆ ಸಾಹೇಬರು ಎದ್ದು ಬಾಗಿಲು ತೋರಿಸುತ್ತಿದ್ದರು. ಈಗ ಅದೇ ಮಾತಿನಲ್ಲಿ ಅರ್ಥವಿದೆ ಅನ್ನಿಸುತ್ತಿತ್ತಲ್ಲ, ಇದೇನು ಗ್ರಹಚಾರ! ದೋಣಿಯಲ್ಲಿ ನರಳುವ ಹೆಂಗಸು ಮೊದಲೂ ಇದ್ದಳು, ಆಗ ಯಾಕೆ ಕಾಣಲಿಲ್ಲ? ಈಗ ಕಾಣುತ್ತಿರುವುದು ಅವಳ ಮೇಲಿನ ಕರುಣೆಯಿಂದಲೋ, ಕುರ್ಚಿ ಬದಲಾದದ್ದರಿಂದಲೋ? ಮನೆಗೆ ಹೋಗುವ ಬಸ್ಸಿನಲ್ಲಿ ಇದನ್ನೇ ತಿರುವಿ ತಿರುವಿ ಹಾಕಿ ತಮ್ಮ ನಿಲ್ದಾಣ ದಾಟಿ ಮುಂದಕ್ಕೆ ಹೋಗಿ ಇಳಿದರು.

ಕಡೆಗೆ ಅವರು ಮಾಡಿದ್ದು ಏನು ಗೊತ್ತೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಉತ್ತರ ಬರೆದರು. ನೆಲಕ್ಕೆ ಸುತ್ತಿಗೆಯಿಂದ ಹೊಡೆದು, ಆ ಕಂಪನ ಬಂಡೆಗೆ ತಾಗಿ ಹಿಂದಿರುಗುವುದನ್ನು ಅಳೆಯುವ ಒಂದು ಪರೀಕ್ಷೆಯಿದೆ. ಕಂಪನಿ ಅದನ್ನು ದಡದಲ್ಲಿ ಮಾಡಿಸಿತ್ತು. 'ಪರೀಕ್ಷೆಯ ಪ್ರಕಾರ ಬಂಡೆ ಸಮತಟ್ಟಾಗಿದೆ, ಆದ್ದರಿಂದ ಮತ್ತೆ ಕೊರೆಯುವ ಅಗತ್ಯ ಕಾಣುವುದಿಲ್ಲ' ಎಂದು ಬರೆದು ಸಹಿ ಹಾಕಿದರು. ಜೊತೆಗೆ ಪರೀಕ್ಷೆಯ ನಕ್ಷೆ ಲಗತ್ತಿಸಿದರು. ಆ ನಕ್ಷೆಯಲ್ಲಿ ಪರೀಕ್ಷೆ ಮಾಡಿದ ಗೆರೆ ನೀರಂಚಿಗೇ ನಿಂತುಬಿಟ್ಟಿತ್ತು. ಮೂರನೆಯ ಕಂಬದವರೆಗೆ ಅದು ಹೋಗಿಯೇ ಇರಲಿಲ್ಲ. ಮಾತು ಒಂದು ಹೇಳುತ್ತಿತ್ತು, ನಕ್ಷೆ ಇನ್ನೊಂದು ಹೇಳುತ್ತಿತ್ತು. ಕಣ್ಣಿದ್ದವರಿಗೆ ಕಾಣಲೆಂದೇ ಆ ಗೆರೆಯನ್ನು ದಪ್ಪಗೆ ಎಳೆಸಿದ್ದರು.

ಯಾಕೆಂದರೆ ಅದನ್ನು ನೋಡುವವಳು ಎಂಜಿನಿಯರಮ್ಮ. ಇಲಾಖೆಯಲ್ಲಿ ಸಾಹೇಬರ ಕುರ್ಚಿಗೆ ಈಗ ಬಂದವಳು, ಅವರ ಕೈಕೆಳಗೇ ಕೆಲಸ ಕಲಿತವಳು. ಅವಳು ಹೊಸದಾಗಿ ಬಂದ ದಿನವೇ ಹೇಳಿಕೊಟ್ಟಿದ್ದರು: "ಮೊದಲು ಡ್ರಾಯಿಂಗ್ ನೋಡಮ್ಮ, ಆಮೇಲೆ ಬರೆದಿದ್ದು ಓದು. ಬರೆಯೋರು ಸುಳ್ಳು ಬರೀಬಹುದು. ಡ್ರಾಯಿಂಗಲ್ಲಿ ಎಲ್ಲೋ ಒಂದು ಕಡೆ ನಿಜ ಇಣುಕೇ ಇಣುಕುತ್ತೆ." ಅವಳಿಗೆ ಮಕ್ಕಳಾದಾಗ, ಮನೆ ಕಟ್ಟಿದಾಗ, ಅಪ್ಪ ತೀರಿಕೊಂಡಾಗ ಮೊದಲು ಹೋಗಿ ನಿಂತವರು ಸಾಹೇಬರೇ. ಮಗಳಿಲ್ಲದ ಮನೆಗೆ ಅವಳು ಮಗಳ ಹಾಗೆ ಬಂದು ಹೋಗುತ್ತಿದ್ದಳು.

"ಅವಳು ಖಂಡಿತ ಹಿಡೀತಾಳೆ" ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. "ಹಿಡಿದು ವಾಪಸ್ ಕಳಿಸ್ತಾಳೆ. ಆಗ ಮಾಲೀಕ ಕೊರೆಸಲೇಬೇಕು. ಅವನ ಮಾತೂ ಮೀರಿದ ಹಾಗಾಗಲಿಲ್ಲ, ನನ್ನ ಮನಸ್ಸಾಕ್ಷೀನೂ ಉಳೀತು."

ಹೆಂಡತಿ ಬಡಿಸುವ ಸೌಟು ಹಿಡಿದೇ ನಿಂತಳು. "ಅಂದ್ರೆ ಪ್ರಶ್ನೆಪತ್ರಿಕೆ ತೆಗೆದೋರೂ ನೀವೇ, ಬೇಕಂತ ತಪ್ಪು ಉತ್ತರ ಬರೆದೋರೂ ನೀವೇ. ಪರೀಕ್ಷೆ ಮಾತ್ರ ಆ ಹುಡುಗೀದು. ಪಾಪ, ಅವಳಿಗೆ ತಾನು ಪರೀಕ್ಷೆ ಬರೀತಿದೀನಿ ಅನ್ನೋದಾದ್ರೂ ಗೊತ್ತಾ?"

ಸಾಹೇಬರು ಉತ್ತರ ಕೊಡುವಷ್ಟರಲ್ಲಿ ಫೋನು ಕೂಗಿತು. ನೋಡಿದರೆ ಎಂಜಿನಿಯರಮ್ಮನೇ. ಅವರು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡರು. "ನಿಯಮ ಅಂದ್ರೆ ನಿಯಮ. ಫೈಲು ಅವಳ ಮೇಜಿನ ಮೇಲಿರುವಾಗ ನಾನು ಮಾತಾಡಬಾರದು" ಎಂದರು. ಫೋನು ಕೂಗಿ ಕೂಗಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಅವರು ಅದನ್ನು ಬೋರಲು ಹಾಕಿ ಊಟ ಮುಂದುವರಿಸಿದರು. ಅಬ್ಬಾ, ಆಗ ಅವರ ಮುಖದ ಮೇಲಿನ ಕಳೆ ನೋಡಬೇಕಿತ್ತು! ನಿಯಮ ಪಾಲಿಸಿದ ಹೆಮ್ಮೆಯಲ್ಲಿ ಎರಡು ತುತ್ತು ಹೆಚ್ಚೇ ಉಂಡರು.

ಮರುವಾರ ಮಾಲೀಕ ಸಿಹಿಯ ಪೊಟ್ಟಣ ಹಿಡಿದುಕೊಂಡೇ ಕೋಣೆಗೆ ಬಂದ. "ಪಾಸಾಯ್ತು ಕಣಯ್ಯ! ಒಂದು ಪ್ರಶ್ನೆ ಇಲ್ಲ, ಒಂದು ಗೀಟು ಇಲ್ಲ."

ಸಾಹೇಬರಿಗೆ ಕೇಳಿದ್ದು ತಲೆಗೆ ಹತ್ತಲಿಲ್ಲ. ಕಾಗದ ಕಿತ್ತುಕೊಂಡು ನೋಡಿದರು. 'ಉತ್ತರ ಸಮರ್ಪಕವಾಗಿದೆ', ಕೆಳಗೆ ಎಂಜಿನಿಯರಮ್ಮನ ಸಹಿ. ಮೊದಲು ಬಂದದ್ದು ಸಿಟ್ಟು. ಇದನ್ನೇನಾ ನಾನು ಕಲಿಸಿದ್ದು? ಕಣ್ಣು ಎಲ್ಲಿಟ್ಟುಕೊಂಡಿದ್ದಳು ಇವಳು? ಹೌದು ಮತ್ತೆ, ತಪ್ಪು ಬರೆದವರಿಗೆ ತಪ್ಪು ಹಿಡಿಯದವರ ಮೇಲೆ ಸಿಟ್ಟು! ಆ ಸಿಟ್ಟು ಇಳಿಯುತ್ತಿದ್ದ ಹಾಗೆ ಹೆದರಿಕೆ ಹತ್ತಿತು. ಅವಳು ಹಿಡಿಯುತ್ತಾಳೆಂಬ ಒಂದೇ ಧೈರ್ಯದ ಮೇಲೆ ಬರೆದ ಕಾಗದ ಅದು. ಈಗ ಆ ಹೊಳೆಗೂ ಆ ಕಂಬಕ್ಕೂ ನಡುವೆ ತಡೆಯುವವರು ಯಾರೂ ಉಳಿದಿರಲಿಲ್ಲ.

"ಕೇಳಿಲ್ಲಿ" ಎಂದರು ಮಾಲೀಕನಿಗೆ. "ಆ ಉತ್ತರದಲ್ಲಿ ತೂತಿದೆ. ಪರೀಕ್ಷೆ ಮಾಡಿದ ಗೆರೆ ಮೂರನೇ ಕಂಬದ ತನಕ ಹೋಗಿಲ್ಲ."

"ಗೊತ್ತು" ಎಂದ ಮಾಲೀಕ, ಸಿಹಿಯ ಪೊಟ್ಟಣದ ದಾರ ಬಿಚ್ಚುತ್ತ.

"ಗೊತ್ತಾ?"

"ನಾನೂ ಆ ಇಲಾಖೇಲಿ ಕೂತು ಸವೆದವನೇ ಅಲ್ವೇನಯ್ಯ. ಮೊದಲು ಡ್ರಾಯಿಂಗ್ ನೋಡು ಅಂತ ನಿನಗೂ ನನಗೂ ಹೇಳಿಕೊಟ್ಟೋರು ಒಬ್ಬರೇ."

"ಗೊತ್ತಿದ್ದೂ ಕಳಿಸಿದೆಯಾ? ಅವಳು ಹಿಡಿದಿದ್ರೆ?"

ಮಾಲೀಕ ಸಿಹಿ ಮುಂದಕ್ಕೆ ತಳ್ಳಿದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಅದೇ ಸಾಹೇಬರನ್ನು ಇನ್ನಷ್ಟು ಕಂಗೆಡಿಸಿತು. "ಬೇರೆ ಯಾರು ಬರೆದಿದ್ರೂ ಹಿಡಿದಿರೋಳು. ನಿನ್ನ ಸಹಿ ಇದ್ರೆ ಹಿಡಿಯಲ್ಲ. ಆ ಇಲಾಖೇಲಿ ನಿನ್ನ ಸಹಿ ಕಂಡ್ರೆ ಕಣ್ಣು ಮುಚ್ಚಿ ಮುಂದಕ್ಕೆ ಹಾಕ್ತಾರೆ. ನಿನ್ನನ್ನ ಮತ್ತೆ ಯಾತಕ್ಕೆ ಕರ್ಕೊಂಡೆ ಅಂದ್ಕೊಂಡೆ? ಲೆಕ್ಕ ಮಾಡೋಕೆ ಹೊರಗಡೆ ಎಷ್ಟು ಬೇಕಾದ್ರೂ ಹುಡುಗರಿದ್ದಾರೆ."

ಸಾಹೇಬರು ಎದ್ದರು. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ಎಂದು ಮೆಟ್ಟಿಲ ಬುಡದಲ್ಲಿ ಒಮ್ಮೆ ಕಾಲು ನೋಡಿಕೊಂಡರು, ಹಾಕಿಕೊಂಡಿದ್ದರು. ಕೊಡೆ, ಚೀಲ ಎರಡೂ ಮೇಲೆಯೇ ಉಳಿದವು. ಹತ್ತುವುದಿಲ್ಲ ಎಂದು ಶಪಥ ಮಾಡಿದ ಇಲಾಖೆಯ ಮೆಟ್ಟಿಲನ್ನು ಆ ಮಧ್ಯಾಹ್ನವೇ ಹತ್ತಿದರು. ಇದು ನಿಯಮಕ್ಕೆ ವಿರುದ್ಧ ಎಂದು ಪ್ರತಿ ಮೆಟ್ಟಿಲಿಗೂ ಅನ್ನಿಸುತ್ತಿತ್ತು. ನಿಯಮ ಪಾಲಿಸಿದ್ದಕ್ಕೆ ಏನಾಯಿತು ಅನ್ನುವುದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಎಂಜಿನಿಯರಮ್ಮ ಅದೇ ಮೇಜಿನ ಹಿಂದೆ ಕೂತಿದ್ದಳು. ಇವರನ್ನು ಕಂಡದ್ದೇ ತಡಬಡಿಸಿ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಡಲು ಬಂದಳು. ಅವರು ಬೇಡವೆಂದು ಎದುರಿನ ಕುರ್ಚಿಯಲ್ಲಿ ಕೂತರು. ಅಲ್ಲಿಂದ ಆ ಕೋಣೆ ಬೇರೆ ಥರವೇ ಕಾಣುತ್ತಿತ್ತು. ಕಿಟಕಿ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ, ಅಧಿಕಾರಿಯ ಮುಖ ಸರಿಯಾಗಿ ಕಾಣುವುದಿಲ್ಲ. ತಾನು ಇಷ್ಟು ವರ್ಷ ಜನರನ್ನು ಇಲ್ಲಿ ಕೂರಿಸಿ ಮಾತಾಡಿಸುತ್ತಿದ್ದೆನೇ ಎಂದು ಅವರಿಗೆ ವಿಚಿತ್ರವೆನಿಸಿತು.

"ಮೂರನೇ ಕಂಬ" ಎಂದರು, ಕುಶಲ ಕೇಳುವ ವ್ಯವಧಾನವೂ ಇಲ್ಲದೆ. "ಡ್ರಾಯಿಂಗ್ ನೋಡಲಿಲ್ವೇನಮ್ಮ ನೀನು?"

"ನೋಡಿದೆ ಸರ್."

"ಗೆರೆ?"

"ನೀರಿನ ಹತ್ರ ನಿಂತುಬಿಟ್ಟಿದೆ. ನೋಡಿದ ತಕ್ಷಣ ಕಾಣಿಸ್ತು." ಅವಳು ಮೇಜಿನ ಮೇಲಿದ್ದ ಸ್ಕೇಲನ್ನು ಆಚೀಚೆ ಸರಿಸಿದಳು. "ನಿಮಗೆ ಫೋನ್ ಮಾಡಿದೆ ಸರ್. ನೀವು ತಗೊಳ್ಳಲಿಲ್ಲ. ಮತ್ತೆ ಮಾಡಿದೆ. ಆಗ ಅನ್ನಿಸ್ತು, ಸರ್ ಬೇಕಂತಲೇ ತಗೊಳ್ತಿಲ್ಲ. ಉತ್ತರ ಅದರಲ್ಲೇ ಎಲ್ಲೋ ಇದೆ, ನನಗೇ ತಿಳೀತಿಲ್ಲ, ಹುಡುಕ್ಕೊಳ್ಳಲಿ ಅಂತ ಬಿಟ್ಟಿದ್ದಾರೆ ಅಂತ. ಹಿಂದೆ ಹಾಗೇ ಮಾಡ್ತಿದ್ರಲ್ಲ ನೀವು. ಎಲ್ಲಾ ತಿರುವಿ ಹಾಕಿದೆ. ಸಿಗಲಿಲ್ಲ. ನನಗೆ ಸಿಗದಿದ್ರೂ ಇದ್ದೇ ಇರುತ್ತೆ ಅಂತ ಸಹಿ ಹಾಕಿದೆ."

"ಬರೆದು ಕೇಳಬಹುದಿತ್ತಲ್ಲಮ್ಮ! ಅಂಚಲ್ಲಿ ಒಂದು ಮಾತು ಬರೆದಿದ್ರೆ ಸಾಕಿತ್ತು!"

"ನಿಮ್ಮ ಸಹಿ ಪಕ್ಕದಲ್ಲಿ ಬರೆಯೋಕೆ ಕೈ ಬರಲಿಲ್ಲ ಸರ್."

ಸಾಹೇಬರು ತಾವು ಮಾಡಿದ್ದನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಲಂಚ ಮುಟ್ಟಿದವರಲ್ಲ, ಶಿಫಾರಸು ಮಾಡಿದವರಲ್ಲ, ಒಂದು ಫೋನು ಕೂಡ ಎತ್ತಲಿಲ್ಲ. ಎಲ್ಲಾ ಸರಿಯಾಗೇ ಮಾಡಿದ್ದರು. ಎಲ್ಲಾ ಸರಿಯಾಗೇ ಮಾಡಿ, ಬುಡವಿಲ್ಲದ ಕಂಬವೊಂದನ್ನು ಇಲಾಖೆಯಿಂದ ಪಾಸು ಮಾಡಿಸಿಕೊಂಡಿದ್ದರು. ತಪ್ಪು ಯಾವ ಜಾಗದಲ್ಲಿ ಆಯಿತು ಎಂದು ಬೆರಳಿಟ್ಟು ತೋರಿಸು ಎಂದರೆ ಅವರಿಂದ ಆಗುತ್ತಿರಲಿಲ್ಲ.

"ಅದರಲ್ಲಿ ಏನೂ ಇಲ್ಲಮ್ಮ" ಎಂದರು ಕಷ್ಟಪಟ್ಟು. "ತೂತು ಅಂದ್ರೆ ತೂತೇ. ನೀನು ಹಿಡೀತೀಯ ಅಂತ ಬಿಟ್ಟಿದ್ದೆ."

ಅವಳು ಅವರನ್ನೇ ನೋಡಿದಳು. ಅಳುತ್ತಾಳೇನೋ ಅಂದುಕೊಂಡರು, ಅಳಲಿಲ್ಲ. ಒಂದು ಬಿಳಿ ಹಾಳೆ ಎಳೆದುಕೊಂಡು ಬರೆಯಲು ಕೂತಳು. "ಒಪ್ಪಿಗೆ ವಾಪಸ್ ತಗೋತೀನಿ. ಮುಖ್ಯ ಎಂಜಿನಿಯರ್‌ಗೆ ಈಗಲೇ ಕಳಿಸಬೇಕು, ನಾಳೆ ಕೆಲಸದ ಆದೇಶ ಹೊರಡುತ್ತೆ." ಬರೆದು ಮುಗಿಸಿದವಳು, ಎಷ್ಟೋ ವರ್ಷದ ರೂಢಿಯಂತೆ, ಹಾಳೆಯನ್ನು ತಿರುಗಿಸಿ ಅವರ ಮುಂದಿಟ್ಟಳು. "ಸರಿ ಇದ್ಯಾ ನೋಡಿ ಸರ್."

ಸಾಹೇಬರು, ಅವರೂ ರೂಢಿಯಂತೆ, ಕನ್ನಡಕ ಸರಿಪಡಿಸಿಕೊಂಡು ಪೆನ್ನು ಹಿಡಿದರು. ಅವಳು ಬರೆದಿದ್ದಳು: 'ಮೂರನೆಯ ಕಂಬದ ಬಗ್ಗೆ ಬಂದ ಉತ್ತರವನ್ನು ಪರಿಶೀಲಿಸುವಾಗ ನನ್ನ ಕಣ್ತಪ್ಪಿನಿಂದ ಲೋಪ ಗಮನಕ್ಕೆ ಬಾರದೆ ಒಪ್ಪಿಗೆ ನೀಡಿರುತ್ತೇನೆ.' ವಾಕ್ಯ ಉದ್ದವಾಯಿತು ಅನ್ನಿಸಿತು. 'ಬಾರದೆ' ಎಂಬಲ್ಲಿ ಒಂದು ಅಲ್ಪವಿರಾಮ ಹಾಕಿದರು. ಕೆಳಗೆ ಕಂಬದ ಸಂಖ್ಯೆಯ ಜೊತೆ ನಕ್ಷೆಯ ಸಂಖ್ಯೆಯನ್ನೂ ಸೇರಿಸಿದರು. "ಈಗ ಸರಿಯಾಗಿದೆ" ಎಂದು ಮರಳಿ ಕೊಟ್ಟರು. ಅವಳು ಸಹಿ ಹಾಕಿ ಗಂಟೆ ಒತ್ತಿದಳು. ಇವರು ಎದ್ದು ಬಂದರು. ಕಂಬ ಉಳಿಯಿತಲ್ಲ ಎಂದು ಎದೆ ಹಗುರವಾಗಿತ್ತು.

ಮೆಟ್ಟಿಲಿನ ತಿರುವಿನಲ್ಲಿ ಅವರ ಕಾಲು ತಾನಾಗಿ ನಿಂತಿತು. ಕಣ್ತಪ್ಪು? ಅವಳ ಕಣ್ಣು ಎಲ್ಲಿ ತಪ್ಪಿತು? ನೋಡಿದೆ ಸರ್, ತಕ್ಷಣ ಕಾಣಿಸ್ತು, ಅಂದಳಲ್ಲ. ಅವಳು ಅವರ ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಂಡು ಸುಳ್ಳು ಬರೆದಿದ್ದಳು. ಆ ಸುಳ್ಳನ್ನು ಅವರು ಓದಿದರು, ಅಲ್ಪವಿರಾಮ ಹಾಕಿದರು, ಸರಿಯಾಗಿದೆ ಅಂದರು! ಥೂ ನಿನ್ನ ಬುದ್ಧಿಗೆ ಎಂದು ಗಟ್ಟಿಯಾಗಿ ತಮಗೇ ಬೈದುಕೊಂಡರು, ಕೆಳಗಿನಿಂದ ಬರುತ್ತಿದ್ದ ಗುಮಾಸ್ತನೊಬ್ಬ ಬೆಚ್ಚಿ ಗೋಡೆಗೆ ಒತ್ತಿಕೊಂಡ.

ಮಂಡಿನೋವನ್ನೂ ಲೆಕ್ಕಿಸದೆ ಮೇಲೆ ಓಡಿದರು. ಜವಾನ ಆಗಲೇ ಫೈಲು ಎದೆಗವಚಿಕೊಂಡು ಮೊಗಸಾಲೆಯಲ್ಲಿ ಹೊರಟಿದ್ದ. "ಏ, ನಿಲ್ಲೋ! ಕೊಡು ಅದನ್ನ!" ಎಂದು ಇವರು ಕೈ ಹಾಕಿದರು. ಇವರ ಫೈಲುಗಳನ್ನು ಹೊತ್ತೇ ತಲೆ ನರೆತ ಜವಾನ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ತಪ್ಪು ತಿಳೀಬೇಡಿ. ನೀವೀಗ ಹೊರಗಿನೋರು. ಹೊರಗಿನೋರು ಫೈಲು ಮುಟ್ಟೋ ಹಾಗಿಲ್ಲ ಅಂತ ನಂಗೆ ಹೇಳ್ಕೊಟ್ಟಿದ್ದೇ ನೀವು." ಹೌದು, ಅವರೇ. ಅವನು ಮುಂದೆ, ಇವರು ಕೈ ಕಟ್ಟಿಕೊಂಡು ಅವನ ಹಿಂದೆ, ಹೀಗೆ ಇಬ್ಬರೂ ಮುಖ್ಯ ಎಂಜಿನಿಯರ ಕೋಣೆಗೆ ನುಗ್ಗಿದರು.

ಮುಖ್ಯ ಎಂಜಿನಿಯರು ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು. ಅವರು ಹಾಳೆ ಓದುವುದಕ್ಕೆ ಮೊದಲೇ ಸಾಹೇಬರು ಶುರು ಮಾಡಿದರು. "ಅದರಲ್ಲಿ ಬರೆದಿರೋದು ಸುಳ್ಳು. ಅವಳ ಕಣ್ತಪ್ಪಲ್ಲ. ಆ ಉತ್ತರ ತಪ್ಪು ಅಂತ ಗೊತ್ತಿದ್ದೇ ಬರೆದೋನು ನಾನು. ಅವಳು ಕೇಳೋಕೆ ಫೋನ್ ಮಾಡಿದ್ರೆ ಎತ್ತದೇ ಕೂತೋನೂ ನಾನು. ಹಾಗಂತ ನಾನೇ ಬರೆದು ಕೊಡ್ತೀನಿ."

ಮುಖ್ಯ ಎಂಜಿನಿಯರು ತಬ್ಬಿಬ್ಬಾದರು. "ಕೂತ್ಕೊಳ್ಳಿ ಸರ್, ನೀರು ಕುಡೀರಿ. ನನಗೊಂದು ಅರ್ಥ ಆಗ್ತಿಲ್ಲ. ಈಗ ನೀವು ಯಾರ ಪರವಾಗಿ ಮಾತಾಡ್ತಿದೀರಿ? ಕಂಪನಿ ಪರವಾಗಾ? ಇಲಾಖೆ ಪರವಾಗಾ?"

ಸಾಹೇಬರು ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು. "ಗೊತ್ತಾಗ್ತಿಲ್ಲಪ್ಪ" ಎಂದರು. "ಬೆಳಗ್ಗೆಯಿಂದ ಅದೇ ಗೊತ್ತಾಗ್ತಿಲ್ಲ."

ಎಂಜಿನಿಯರಮ್ಮನನ್ನು ಕರೆಸಿದರು. ಸಾಹೇಬರು ಹೇಳಿದ್ದನ್ನೆಲ್ಲ ಅವಳ ಮುಂದೆ ಇನ್ನೊಮ್ಮೆ ಹೇಳಿದರು, ಒಂದು ಅಕ್ಷರ ಬಿಡದೆ. ಅವಳಿಗೆ ಸಮಾಧಾನವಾಗಬಹುದು, ಕಣ್ಣಲ್ಲಿ ನೀರು ಬರಬಹುದು, ಕೊನೆಗೆ ಥ್ಯಾಂಕ್ಸ್ ಆದರೂ ಅಂದಾಳು ಎಂದು ಒಳಗೊಳಗೇ ಕಾದಿದ್ದರು. ಮನುಷ್ಯನ ಆಸೆಗೆ ಮಿತಿಯೇ ಇಲ್ಲ ನೋಡಿ. ಅವಳು ನಿಂತೇ ಕೇಳಿಸಿಕೊಂಡು, ಮುಖ್ಯ ಎಂಜಿನಿಯರ ಕಡೆಗೆ ತಿರುಗಿ ಹೇಳಿದಳು: "ಕಣ್ತಪ್ಪು ಅಂತ ಬರೆದಿದ್ದು ಸುಳ್ಳು, ಅದನ್ನ ಹೊಡೆದು ಹಾಕಿ. ಲೋಪ ಕಂಡೂ ಸಹಿ ಹಾಕಿದೆ ಅಂತ ಬರೀತೀನಿ. ಸರ್ ಎಷ್ಟು ನಿಜ ಹೇಳಿದ್ರೂ, ಸಹಿ ನಂದೇ."

ಸಾಹೇಬರು ಎದ್ದು ನಿಂತರು. "ಅಲ್ಲಮ್ಮ, ಹಾಗೆ ಬರೆದ್ರೆ ನಿನ್ನ ಬಡ್ತಿ ನಿಂತುಹೋಗುತ್ತೆ. ವಿಚಾರಣೆ ಅಂತಾರೆ."

"ಅನ್ನಲಿ ಸರ್."

ಅನ್ನುವುದೇ ಆಯಿತು. ಕೆಲಸದ ಆದೇಶ ತಡೆಹಿಡಿದರು, ಹೊಳೆಯ ನೀರಿಳಿದ ಮೇಲೆ ಮೂರನೆಯ ಕಂಬದ ಜಾಗದಲ್ಲಿ ಕೊರೆದೇ ತೀರಬೇಕೆಂದು ಬರೆದರು. ಎಂಜಿನಿಯರಮ್ಮನಿಂದ ವಿವರಣೆ ಕೇಳಲಾಯಿತು. ನಿಯಮ ಮೀರಿ ಕಚೇರಿಗೆ ಬಂದದ್ದಕ್ಕೆ ಸಾಹೇಬರ ಮೇಲೂ ಕಡತದಲ್ಲಿ ಒಂದು ಸಾಲು ಆಕ್ಷೇಪ ಬಿತ್ತು. ಮಾಲೀಕ ಫೋನಿನಲ್ಲೇ "ನಿನ್ನ ಚೀಲ, ಕೊಡೆ ಕಳಿಸ್ಕೊಡ್ತೀನಿ" ಎಂದ. ಅಲ್ಲಿಗೆ ಆ ನೌಕರಿ ಮುಗಿಯಿತು. ಅದು ಹೋದದ್ದಕ್ಕೆ ಸಾಹೇಬರಿಗೆ ಎಳ್ಳಷ್ಟೂ ದುಃಖವಾಗಲಿಲ್ಲ. ಅವರ ಪಿಂಚಣಿಗೇನೂ ಕುಂದಿರಲಿಲ್ಲ. ಕಳೆದುಕೊಳ್ಳುವುದೆಲ್ಲ ಅವಳದೇ ಆಗಿತ್ತು, ಅದೇ ಅವರ ಎದೆಯಲ್ಲಿ ಕಲ್ಲಾಗಿ ಕೂತಿತು.

ಅವತ್ತು ಮುಖ್ಯ ಎಂಜಿನಿಯರ ಕೋಣೆಯಿಂದ ಹೊರಗೆ ಬಂದಾಗ ಮೊಗಸಾಲೆಯಲ್ಲಿ ಸಾಹೇಬರು, ಎಂಜಿನಿಯರಮ್ಮ ಇಬ್ಬರೇ ಇದ್ದರು. "ನಿನ್ನ ಜೀವನ ಹಾಳು ಮಾಡಿದೆ ಕಣಮ್ಮ" ಎಂದರು ಸಾಹೇಬರು. "ಯಾವ ಮುಖ ಇಟ್ಕೊಂಡು ಕ್ಷಮಿಸು ಅನ್ನಲಿ?"

"ಹಾಳೇನಾಗಲ್ಲ ಬಿಡಿ ಸರ್" ಎಂದಳು ಅವಳು. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಅವರ ಮುಖ ನೋಡಲಿಲ್ಲ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ನೀವು ಇನ್ನೆಲ್ಲಾದರೂ ಸೇರಬಹುದು, ನಿಮ್ಮ ಸಹಿ ಮತ್ತೆ ನನ್ನ ಮೇಜಿಗೆ ಬರಬಹುದು. ಇನ್ಮೇಲೆ ಅದನ್ನ ನಾನು ನಂಬಲ್ಲ. ಎಲ್ಲರ ಸಹಿ ನೋಡಿದ ಹಾಗೇ ನೋಡ್ತೀನಿ."

ಇದಕ್ಕಿಂತ ಒಳ್ಳೆಯ ಮಾತನ್ನು ಒಬ್ಬ ಶಿಷ್ಯೆ ಒಬ್ಬ ಗುರುವಿಗೆ ಹೇಳುವ ಹಾಗಿಲ್ಲ. ಅವರು ಸರ್ವಿಸ್ಸಿಡೀ ಅವಳಿಗೆ ಕಲಿಸಲು ಹೆಣಗಿದ್ದೇ ಇದು. ಸಾಹೇಬರಿಗೆ ಹೆಮ್ಮೆಯಾಯಿತು. ಅದೇ ಕ್ಷಣದಲ್ಲಿ, ಮನೆಯ ಮಗಳೇ ಬಾಗಿಲು ಹಾಕಿಕೊಂಡ ಹಾಗೆ ನೋವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವರಿಗೆ ತಿಳಿಯಲಿಲ್ಲ. "ಹಾಗೇ ಮಾಡಮ್ಮ" ಎಂದರು.

ಯಾವತ್ತೂ ಮೆಟ್ಟಿಲವರೆಗೆ ಬಂದು ಕಳಿಸಿಕೊಡುತ್ತಿದ್ದವಳು ಅವತ್ತು ಬರಲಿಲ್ಲ. ವಿವರಣೆ ಬರೆಯುವುದಿತ್ತು, ಒಳಗೆ ಹೋದಳು.